ಸುಗುಣಾ ಟೀಚರು ನೀತಿ ಹೇಳುವುದನ್ನು ಬಿಟ್ಟಿದ್ದಾರೆ

ಲಂಡನ್ನಿನ ಈಸ್ಟ್ ಹ್ಯಾಮಿನ ಹೈ ಸ್ಟ್ರೀಟ್ ನಾರ್ತ್‌ನಲ್ಲಿ ಸೀರೆ ಅಂಗಡಿಗಳ ಶಟರ್ ಇನ್ನೂ ಎದ್ದಿಲ್ಲ. ಆದರೆ ಉಡುಪಿ ಕಡೆಯವರ ಒಂದು ಹೋಟೆಲಿನ ಹಿಂಬಾಗಿಲು ತೆರೆದಿದೆ. ಒಳಗೆ ದೀಪ ಉರಿಯುತ್ತಿದೆ, ಗ್ರೈಂಡರ್ ತಿರುಗುತ್ತಿದೆ. ಸುಗುಣಾ ನೆಲದ ಮೇಲೆ ಮಣೆ ಹಾಕಿ ಕುಳಿತು ತೆಂಗಿನಕಾಯಿ ತುರಿಯುತ್ತಾರೆ. ಮೇ ತಿಂಗಳು ಮುಗಿಯುತ್ತ ಬಂದರೂ ಬೆಳಗಿನ ಚಳಿ ಬಿಟ್ಟಿಲ್ಲ. ಹುಳಿ ಬರಲೆಂದು ಇಟ್ಟ ದೋಸೆ ಹಿಟ್ಟಿನ ದೊಡ್ಡ ಪಾತ್ರೆಗೆ ಅವರು ಒಂದು ಜರಿ ಅಂಚಿನ ಶಾಲು ಸುತ್ತಿದ್ದಾರೆ. ಹಿಟ್ಟಿನ ಪಾತ್ರೆಗೆ ಅಷ್ಟು ಒಳ್ಳೆಯ ಶಾಲು ಯಾಕೆಂದು ನೋಡಿದವರೆಲ್ಲ ಕೇಳುತ್ತಾರೆ. ಸುಗುಣಾ ಇನ್ನೊಂದು ಕಾಯಿ ಒಡೆಯುತ್ತಾರೆ.

ತುರಿದು ಮುಗಿದ ಮೇಲೆ ಕೈ ತೊಳೆದು, ಸ್ಟೋರ್ ರೂಮಿನ ಅಕ್ಕಿ ಮೂಟೆಗಳ ನಡುವೆ ಗೋಡೆಗೆ ಒರಗಿಸಿಟ್ಟ ಆನೆಗುಡ್ಡೆ ವಿನಾಯಕನ ಪಟಕ್ಕೆ ಕೈಮುಗಿಯುತ್ತಾರೆ. ಪಟದ ಪಕ್ಕದಲ್ಲಿ ಬೇಳೆ ಡಬ್ಬಕ್ಕೆ ಆನಿಸಿ ಫೋನ್ ನಿಲ್ಲಿಸುತ್ತಾರೆ. ಅದು ಅವರ ತರಗತಿಯ ಹೊತ್ತು. ಇಲ್ಲಿ ಬೆಳಗಾಗುವಾಗ ಚೀನಾದಲ್ಲಿ ಮಧ್ಯಾಹ್ನದ ಊಟ ಮುಗಿದಿರುತ್ತದೆ.

ತವಾದ ಮುಂದೆ ನಿಂತ ಅವರ ಗಂಡ ದೇವದಾಸರು ಅಲ್ಲಿಂದಲೇ ಕೂಗುತ್ತಾರೆ. "ಹೋಯ್ ಟೀಚರ್ರೇ, ಬೆಲ್ ಹೊಡಿತ್ ಕಾಣಿ. ಗ್ರೈಂಡರ್ ಆಫ್ ಮಾಡ್ಕಾ, ಇಲ್ಲಾ ಉದ್ದಿನ್ ಹಿಟ್ಟಿಗೂ ಇಂಗ್ಲಿಷ್ ಕಲಿಸ್ತ್ರ್ಯಾ?"

"ಆಫ್ ಮಾಡಿ ಮಾರ್ರೆ. ನಿಮ್ ಬಾಯಿಗೊಂದ್ ಸ್ವಿಚ್ಚ್ ಇಲ್ಲೆ, ಅದೇ ಕಷ್ಟ."

ಫೋನಿನಲ್ಲಿ ಕಾಣಿಸಿಕೊಳ್ಳುವ ಹುಡುಗಿಯ ಹೆಸರು ಯಾಟಿಂಗ್. ಹುನಾನ್ ಪ್ರಾಂತದ ಒಂದು ಸಣ್ಣ ಪಟ್ಟಣದಲ್ಲಿ ಅಜ್ಜಿಯ ಜೊತೆ ಇದ್ದಾಳೆ. ಜೂನ್ ಮೊದಲಲ್ಲಿ ಅವಳಿಗೆ ಗಾವೊಕಾವೊ ಇದೆ. ಚೀನಾದ ಮಕ್ಕಳು ಕಾಲೇಜು ಸೇರಲು ಬರೆಯುವ ದೊಡ್ಡ ಪರೀಕ್ಷೆ ಅದು. ಅದರಲ್ಲಿ ಇಂಗ್ಲಿಷ್ ಕೂಡ ಒಂದು ವಿಷಯ. ಒಂದು ಗದ್ಯಭಾಗ ಕೊಡುತ್ತಾರೆ, ಕೆಳಗೆ ಪ್ರಶ್ನೆಗಳು, ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ. ಓದಿ ಸರಿಯಾದದ್ದನ್ನು ಆರಿಸಬೇಕು. ಯಾಟಿಂಗ್‌ಗೆ ಲೆಕ್ಕ ಬರುತ್ತದೆ, ವಿಜ್ಞಾನ ಬರುತ್ತದೆ. ಎಡವುವುದು ಇಲ್ಲಿಯೇ.

ಅವಳ ತಾಯಿ ಫಾಂಗ್ ಇರುವುದು ಈಸ್ಟ್ ಹ್ಯಾಮಿನಲ್ಲಿ, ಈ ಹೋಟೆಲಿಗೆ ಬೆನ್ನು ಹಾಕಿ ನಿಂತ ಚೀನೀ ಟೇಕ್‌ಅವೇಯ ಅಡುಗೆಮನೆಯಲ್ಲಿ. ಎರಡೂ ಅಂಗಡಿಗಳಿಗೆ ಹಿಂದಿನ ಅಂಗಳ ಒಂದೇ, ಕಸದ ಬಿನ್‌ಗಳೂ ಅಲ್ಲಿಯೇ. ಈ ಇಬ್ಬರು ಹೆಂಗಸರ ಪರಿಚಯವಾದದ್ದು ಆ ಬಿನ್‌ಗಳ ಹತ್ತಿರ. ಫಾಂಗ್‌ಳ ಇಂಗ್ಲಿಷ್ ನಾಲ್ಕು ಮಾತಿನದು. ದೇವದಾಸರು ಕೂಗುವ "ಟೀಚರ್ರೇ" ಕಿವಿಗೆ ಬಿದ್ದು, "ನೀನು ಟೀಚರ್?" ಎಂದು ಒಂದು ದಿನ ಅವಳು ಕೇಳಿದಳು. ಸುಗುಣಾ ಹೌದೆಂದು ತಲೆಯಾಡಿಸಿದರು. ಲಂಡನ್ನಿಗೆ ಬಂದ ಮೇಲೆ ಆ ಮಾತಿಗೆ ಹೌದೆಂದು ಹೇಳುವ ಸಂದರ್ಭ ಅವರಿಗೆ ಬಂದೇ ಇರಲಿಲ್ಲ.

ಅವರು ಕುಂದಾಪುರದ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಮಕ್ಕಳು ಬಾರದೆ ಶಾಲೆ ಮುಚ್ಚಿತು. ಗಂಡ ಅದಾಗಲೇ ಇಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದರು, ಇವರೂ ಬಂದರು. ಶಾಲೆಗಳಿಗೆ ಅರ್ಜಿ ಹಾಕಿದರು. ಕರೆ ಬರಲಿಲ್ಲ. ಹಾಗಾಗಿ ತೆಂಗಿನಕಾಯಿ, ಸಾಂಬಾರು ಪುಡಿ, ಹಿಟ್ಟು. "ಅದೇನೂ ಬೇಜಾರಿಲ್ಲ. ದೇವರು ಕೊಟ್ಟ ಕೆಲಸ," ಎನ್ನುತ್ತಾರೆ ಸುಗುಣಾ. "ಆದ್ರೆ ಪಾಠ ಮಾಡದೆ ಇರ್ಲಿಕ್ಕೆ ನಂಗೆ ಆಗುದಿಲ್ಲ. ಬಾಯಿ ತುರಿಸ್ತದೆ. ಫಾಂಗ್ ಕೇಳಿದ್ದೇ ಸಾಕಾಯ್ತು."

ಹಾಗೆ ಕಳೆದ ಚಳಿಗಾಲದಲ್ಲಿ ಪಾಠ ಶುರುವಾಯಿತು. ಸಂಬಳದ ಮಾತು ಬರಲಿಲ್ಲ. ಫಾಂಗ್ ಆಗಾಗ ತಾಜಾ ಸೊಪ್ಪಿನ ಒಂದು ಕಟ್ಟನ್ನು ಹಿಂಬಾಗಿಲಿನ ಹಿಡಿಗೆ ಸಿಕ್ಕಿಸಿ ಹೋಗುತ್ತಿದ್ದಳು, ಅಷ್ಟೇ.

ಸುಗುಣಾ ತಮಗೆ ಗೊತ್ತಿದ್ದ ರೀತಿಯಲ್ಲೇ ಕಲಿಸಿದರು. ಅವರ ಶಾಲೆಯಲ್ಲಿ ಯಾವ ಪಾಠವೂ ನೀತಿ ಇಲ್ಲದೆ ಮುಗಿಯುತ್ತಿರಲಿಲ್ಲ. ಕಥೆ ಓದುವುದು, ಕಠಿಣ ಪದಗಳ ಅರ್ಥ ಬರೆಯುವುದು, ಕೊನೆಗೆ ಮಕ್ಕಳು ಎದ್ದು ನಿಂತು "ಈ ಪಾಠದಿಂದ ನಾವು ತಿಳಿಯುವ ನೀತಿ" ಎಂದು ಒಕ್ಕೊರಲಿನಲ್ಲಿ ಹೇಳುವುದು. ಯಾಟಿಂಗ್‌ಗೂ ಅದೇ. ಬರೆದವರು ಸುಮ್ಮನೆ ಬರೆಯುವುದಿಲ್ಲ ಮಗಳೇ, ಏನೋ ಒಳ್ಳೆಯದನ್ನು ಹೇಳಲೆಂದೇ ಬರೆಯುತ್ತಾರೆ. ನಾಲ್ಕು ಉತ್ತರಗಳಲ್ಲಿ ಒಳ್ಳೆಯ ಮಾತು ಯಾವುದೋ ಅದನ್ನು ಹುಡುಕು. ಹುಡುಗಿ ತಲೆಯಾಡಿಸುತ್ತಿದ್ದಳು.

ಈ ಸುದ್ದಿ ಹೇಗೋ ಲಂಡನ್ನಿನ ದಕ್ಷಿಣದ ತುದಿಯ ಕ್ರೋಯ್ಡನ್ನಿನ ಕನ್ನಡಿಗರಿಗೆ ಮುಟ್ಟಿತು. ಯುಗಾದಿಯ ಕಾರ್ಯಕ್ರಮದಲ್ಲಿ ಸನ್ಮಾನ ಮಾಡಿದರು. ವೇದಿಕೆಯ ಮೇಲೆ ಕುರ್ಚಿ, ಹಾರ, ಫಲತಾಂಬೂಲ, ಜರಿ ಅಂಚಿನ ಶಾಲು. ಭಾಷಣ ಮಾಡಿದವರು "ಫಲಾಪೇಕ್ಷೆಯಿಲ್ಲದ ವಿದ್ಯಾದಾನ" ಎಂದರು. ಮರುದಿನದ ಪಾಠಕ್ಕೂ ಸುಗುಣಾ ಆ ಶಾಲನ್ನು ಹೊದ್ದೇ ಕುಳಿತರು. "ಹುಡುಗಿಗೆ ತೋರಿಸುವ ಅಂತ. ಸ್ವಲ್ಪ ಜಂಬ ಇತ್ತು, ಸುಳ್ಳು ಯಾಕೆ ಹೇಳುದು," ಎನ್ನುವಾಗ ಅವರು ತಲೆ ತಗ್ಗಿಸುತ್ತಾರೆ.

ಯಾಟಿಂಗ್ ಶಾಲನ್ನು ನೋಡಿ ಚಪ್ಪಾಳೆ ತಟ್ಟಿದಳು. ಶಾಲೆಯಲ್ಲಿ ನಡೆದ ಪೂರ್ವಸಿದ್ಧತಾ ಪರೀಕ್ಷೆ ಏನಾಯಿತು ಎಂದು ಇವರು ಕೇಳಿದರು. ಹುಡುಗಿ ಮಾತು ತಪ್ಪಿಸಿ ಶಾಲಿನ ಬೆಲೆ ಕೇಳಿದಳು. ಮತ್ತೆ ಕೇಳಿದಾಗ ಪ್ರಶ್ನೆಪತ್ರಿಕೆಯನ್ನು ಫೋನಿನ ಎದುರು ಹಿಡಿದಳು. ಓದಿನ ಭಾಗದ ತುಂಬ ಕೆಂಪು ಗೀಟುಗಳು. ಸುಗುಣಾ ಪಾಠ ಶುರು ಮಾಡುವ ಮೊದಲು ಬಂದಿದ್ದಕ್ಕಿಂತ ಅಂಕ ಕೆಳಗೆ ಇಳಿದಿತ್ತು.

ಅದರಲ್ಲಿ ಒಂದು ಗದ್ಯಭಾಗ ಹೀಗಿತ್ತು. ಒಂದು ಬಂದರು ಮುಚ್ಚಿಹೋಗಿದೆ. ದೋಣಿಗಳಿಲ್ಲ, ಮೀನಿಲ್ಲ. ಆದರೂ ಒಬ್ಬ ಮುದುಕ ದಿನವೂ ಅಲ್ಲಿ ಕುಳಿತು ಹಳೆಯ ಬಲೆಯನ್ನು ಸರಿಪಡಿಸುತ್ತಾನೆ. ಪ್ರಶ್ನೆ, ಅವನು ಹಾಗೇಕೆ ಮಾಡುತ್ತಾನೆ? ಕಾಯಕವನ್ನು ಎಂದೂ ಬಿಡಬಾರದೆಂದು ಒಂದು ಉತ್ತರ. ಬಂದರು ಮತ್ತೆ ತೆರೆಯುವುದೆಂಬ ನಂಬಿಕೆಯಿಂದ ಎಂದು ಇನ್ನೊಂದು. ಕೆಲಸ ನಿಲ್ಲಿಸಿದರೆ ಬೆರಳು ಮರಗಟ್ಟುತ್ತದೆ ಎಂದು ಮತ್ತೊಂದು. ಮಾರುವುದಕ್ಕೆ ಎಂದು ಕೊನೆಯದು. ಯಾಟಿಂಗ್ ಕಾಯಕವನ್ನು ಆರಿಸಿದ್ದಳು. ಓದುತ್ತ ಹೋದ ಸುಗುಣಾ ಕೂಡ ಮನಸ್ಸಿನಲ್ಲಿ ಅದನ್ನೇ ಆರಿಸಿದರು. ಆದರೆ ಗದ್ಯದ ಮೂರನೇ ಸಾಲಿನಲ್ಲಿ, ಬೆರಳು ಮರಗಟ್ಟುತ್ತದೆ ಎಂದು ಮುದುಕನೇ ಹೇಳಿದ್ದ.

"ನಾನು ಗಂಗೊಳ್ಳಿ ಬಂದರಿನಲ್ಲಿ ಬಲೆ ಕಟ್ಟುವವರನ್ನು ನೋಡಿಯೇ ಬೆಳೆದವಳು," ಎನ್ನುತ್ತಾರೆ ಸುಗುಣಾ. "ಮಳೆಗಾಲದಲ್ಲಿ ಕೆಲಸ ಇಲ್ಲದೆ ಕೂತ್ರೆ ಅವರ ಬೆರಳು ಹೇಗಾಗ್ತದೆ ಅಂತ ನಂಗೆ ಗೊತ್ತುಂಟು. ಆದ್ರೂ ಆ ಸಾಲು ಕಣ್ಣಿಗೆ ಬೀಳಲೇ ಇಲ್ಲ. ಮುದುಕನ ಮಾತು ನಾನು ಕೇಳಲೇ ಇಲ್ಲ. ಅವನ ಬಾಯಿಗೆ ನನ್ನ ಮಾತು ಹಾಕಿದೆ."

ಅಷ್ಟೇ ಆಗಿದ್ದರೆ ತಪ್ಪು ತಿದ್ದಿ ಮುಂದೆ ಹೋಗಬಹುದಿತ್ತು. ಅವರು ಹುಡುಗಿಯನ್ನು ಕೇಳಿದರು, "ನಿನಗೂ ಆ ಸಾಲು ಕಾಣಲಿಲ್ಲವಾ?"

"ಕಂಡಿತು ಟೀಚರ್."

"ಮತ್ತೆ?"

"ಉತ್ತರ ಅದೇ ಅಂತ ಗೊತ್ತಿತ್ತು. ಆದರೆ ನೀವು ಒಳ್ಳೆಯ ಮಾತನ್ನು ಆರಿಸು ಅಂದಿದ್ದಿರಿ. ನೀವು ಟೀಚರ್ ಅಲ್ಲವಾ?"

ಅಂಕ ಇಳಿದದ್ದು ತಾಯಿಗೂ ಗೊತ್ತಿತ್ತು. ಹೇಳಬೇಡ, ಟೀಚರಿಗೆ ಮುಖ ತೋರಿಸಲು ಆಗದಂತೆ ಆಗುತ್ತದೆ ಎಂದು ಅವಳೇ ಮಗಳನ್ನು ತಡೆದಿದ್ದಳು. ಅಂಕ ಬಂದ ಮೇಲೂ ಬಾಗಿಲಿಗೆ ಸೊಪ್ಪಿನ ಕಟ್ಟು ಬರುತ್ತಲೇ ಇತ್ತು.

ಸುಗುಣಾ ಹೆಗಲಿನ ಶಾಲನ್ನು ತೆಗೆದರು. ಆ ದಿನ ಹಿಟ್ಟಿಗೆ ಉಪ್ಪು ಹಾಕಿದರೋ ಇಲ್ಲವೋ ನೆನಪಿಲ್ಲ ಎನ್ನುತ್ತಾರೆ. "ಎರಡ್ ಸಲ ಹಾಕಿತ್ತ್," ಎಂದು ದೇವದಾಸರು ತವಾದಿಂದ ತಿದ್ದುತ್ತಾರೆ. "ಗಿರಾಕಿಗಳ್ ಕೇಳ್ದ್ರ್, ಇದೆಂತ ಸಮುದ್ರದ್ ನೀರ್ ದೋಸೆಯಾ ಅಂದೇಳಿ."

ಶಾಲನ್ನು ಹಿಂದಕ್ಕೆ ಕೊಡುತ್ತೇನೆಂದು ಅವರು ಕ್ರೋಯ್ಡನ್ನಿಗೆ ಫೋನ್ ಮಾಡಿದರು. ಕಾರ್ಯಕ್ರಮ ನಡೆಸಿದ ಲೋಕೇಶ ಬೆಂಗಳೂರಿನವರು, ಒಳ್ಳೆಯ ಮನುಷ್ಯ. ಹುಡುಗಿಯ ಅಂಕ ನನ್ನಿಂದಲೇ ಇಳಿಯಿತು, ನನಗೆ ಇದರ ಯೋಗ್ಯತೆ ಇಲ್ಲ ಎಂದು ಇವರು ಬಿಡಿಸಿ ಹೇಳಿದರು. ಲೋಕೇಶ ನಕ್ಕುಬಿಟ್ಟರು. "ಅಯ್ಯೋ ಬಿಡಿ ಅಕ್ಕ, ಎಷ್ಟು ವಿನಯ ನಿಮ್ದು! ಈ ಸಿಂಪ್ಲಿಸಿಟಿನೇ ನಮಗೆಲ್ಲ ಪಾಠ. ಇದನ್ನೂ ಗ್ರೂಪಲ್ಲಿ ಹಾಕ್ತೀನಿ, ಇರಿ." ಹಾಕಿಯೂ ಹಾಕಿದರು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಅವರು ಹೇಳಿದ್ದನ್ನು ಅಲ್ಲಿಯೂ ಯಾರೂ ಓದಲಿಲ್ಲ; ಎಲ್ಲರೂ ಅದರೊಳಗಿನ ನೀತಿಯನ್ನು ಓದಿದರು. ಆ ಮೇಲೆ ಶಾಲು ಹಿಟ್ಟಿನ ಪಾತ್ರೆಗೆ ಹೋಯಿತು.

ಫಾಂಗ್‌ಳನ್ನು ಎದುರಿಸುವುದು ಇದಕ್ಕಿಂತ ಕಷ್ಟವಾಯಿತು. ಸುಗುಣಾ ಬಿನ್‌ಗಳ ಹತ್ತಿರ ಅವಳಿಗಾಗಿ ಕಾದು ನಿಂತರು. ತಪ್ಪು ಮಾಡಿದವರಿಗೆ, ಕ್ಷಮಿಸು ಎಂದು ಕೇಳಲು ಎದುರಿಗೆ ಒಬ್ಬರು ಉಸಿರಾಡುತ್ತ ನಿಂತಿರುವುದೇ ದೇವರ ದಯೆ. ಆ ದಯೆ ಎಲ್ಲರಿಗೂ ದೊರೆಯುವುದಿಲ್ಲ. "ನಾನು ತಪ್ಪು ಕಲಿಸಿದೆ. ಬೇರೆ ಟೀಚರನ್ನು ನೋಡು," ಎಂದರು. ಫಾಂಗ್ ನಾಚಿಕೊಂಡು, ತಪ್ಪು ತನ್ನದೇ ಎಂಬಂತೆ ಏಪ್ರನ್ನಿಗೆ ಕೈ ಒರೆಸಿದಳು. "ನಮ್ಮಲ್ಲಿ ಟೀಚರ್ ತಪ್ಪಿದರೆ ಮಕ್ಕಳು ಸುಮ್ಮನಿರುತ್ತಾರೆ," ಎಂದಳು.

"ನಮ್ಮಲ್ಲೂ ಹಾಗೆಯೇ," ಎಂದರು ಸುಗುಣಾ.

ಫಾಂಗ್ ಕೈಯಲ್ಲಿದ್ದ ಕಸದ ಚೀಲವನ್ನು ಬಿನ್ನಿಗೆ ಹಾಕಿದಳು. "ಬೇರೆ ಟೀಚರ್ ಬೇಡ. ಬೇರೆ ಪಾಠ ಮಾಡು," ಎಂದು ಒಳಗೆ ಹೋದಳು.

ಆ ರಾತ್ರಿ ಸುಗುಣಾರಿಗೆ ತಮ್ಮ ಹಳೆಯ ತರಗತಿಯ ಇಂದು ಎಂಬ ಹುಡುಗಿ ನೆನಪಾದಳು. ಮಾವಿನಹಣ್ಣು ಕದ್ದ ಹುಡುಗನ ಪಾಠದಲ್ಲಿ, ಅವನೇಕೆ ಕದ್ದ ಎಂದು ಕೇಳಿದಾಗ ಅವಳು "ಹಸಿವಾಗಿತ್ತು" ಎಂದಿದ್ದಳು. ಕದಿಯಬಾರದೆಂಬ ನೀತಿ ಹೇಳುವವರೆಗೆ ಇವರು ಅವಳನ್ನು ನಿಲ್ಲಿಸಿದ್ದರು. ಹುಡುಗನಿಗೆ ಹಸಿವಾಗಿತ್ತೆಂದು ಪಾಠದಲ್ಲಿ ಬರೆದೇ ಇತ್ತು. "ಹಾಗೆ ಎಷ್ಟು ಮಕ್ಕಳನ್ನು ನಿಲ್ಲಿಸಿದ್ದೇನೋ," ಎನ್ನುತ್ತಾರೆ.

ಈಗ ಪಾಠದ ರೀತಿ ಬೇರೆ. ಯಾಟಿಂಗ್ ಗಟ್ಟಿಯಾಗಿ ಓದುತ್ತಾಳೆ. ಉತ್ತರ ಹೇಳುತ್ತಾಳೆ. ಸುಗುಣಾ ಕೇಳುವ ಪ್ರಶ್ನೆ ಒಂದೇ, "ಎಲ್ಲಿದೆ? ಬೆರಳಿಡು." ಹುಡುಗಿ ಸಾಲಿನ ಮೇಲೆ ಬೆರಳಿಟ್ಟು ತೋರಿಸಬೇಕು. ಇದು ಹೇಳಿದಷ್ಟು ಸುಲಭವಲ್ಲ. ಕಲಿಸುತ್ತಲೇ ಬದುಕಿದ ಬಾಯಿ ಸುಮ್ಮನಿರುವುದಿಲ್ಲ. ಅದಕ್ಕೆ ಪಾಠದ ಹೊತ್ತಿನಲ್ಲಿ ಅವರು ಒಂದು ಕೊಬ್ಬರಿ ಚೂರನ್ನು ಬಾಯಿಗೆ ಹಾಕಿಕೊಂಡು ಕೂರುತ್ತಾರೆ. ನೀತಿ ನಾಲಗೆಗೆ ಬಂದಾಗಲೆಲ್ಲ ಅಗಿಯುತ್ತಾರೆ.

"ಪಾಠ ಮುಗಿವಷ್ಟೊತ್ತಿಗೆ ಅರ್ಧ ಕಾಯಿ ಖಾಲಿ," ಎಂದು ದೇವದಾಸರು ದೂರುತ್ತಾರೆ. "ಚಟ್ನಿಗೆ ಎಂತ ಹಾಕುದ್, ಇಂಗ್ಲಿಷಾ?"

ಆಸೆ ಏನು ಎಂದು ಕೇಳಿದರೆ ಸುಗುಣಾ ಹುಡುಗಿಗೆ ದೊಡ್ಡ ಕಾಲೇಜು ಸಿಗಲಿ ಎನ್ನುವುದಿಲ್ಲ. ಅದನ್ನು ಆನೆಗುಡ್ಡೆಯ ಸ್ವಾಮಿಗೆ ಬಿಟ್ಟಿದ್ದಾರೆ. "ಪರೀಕ್ಷೆ ಹಾಲಿನಲ್ಲಿ ಅವಳ ತಲೆಯೊಳಗೆ ನಾನು ಕೂತಿರಬಾರದು. ಅಷ್ಟು ಸಾಕು. ಅವಳು ಒಂದ್ಸಲ ನನ್ನ ಮುಖ ನೋಡಿ ತಪ್ಪು ಅಂತ ಹೇಳ್ಬೇಕು. ಇಷ್ಟು ದಿನ ಆಯ್ತು, ಹೇಳ್ಲಿಕ್ಕೆ ಅವಳಿಗೆ ಬಾಯಿ ಬರುದಿಲ್ಲ."

ಪರೀಕ್ಷೆಗೆ ಮುಂಚಿನ ಕೊನೆಯ ಪಾಠ ನಡೆಯುತ್ತಿದೆ. ಗದ್ಯ ಒಬ್ಬ ಹೆಂಗಸಿನದು. ಗಂಡ ತೀರಿಕೊಂಡ ಮೇಲೂ ಅವಳು ದಿನಾ ಎರಡು ಲೋಟ ಚಹಾ ಮಾಡುತ್ತಾಳೆ. ಏಕೆ? ಯಾಟಿಂಗ್ ಓದಿ ಮುಗಿಸಿ, ಉತ್ತರ ಹೇಳುವ ಮೊದಲು ಒಂದು ಗಳಿಗೆ ತಡೆಯುತ್ತಾಳೆ. ಸುಗುಣಾರ ಬಾಯಿಯಲ್ಲಿದ್ದ ಕೊಬ್ಬರಿ ಮುಗಿದುಹೋಗಿದೆ. ಅವರಿಗೆ ತಡೆಯಲಾಗುವುದಿಲ್ಲ.

"ಪ್ರೀತಿ ಸಾಯುವುದಿಲ್ಲ ಅಂತ, ಅಲ್ಲವಾ?"

ಹುಡುಗಿ ಕೆಳಗೆ ನೋಡುತ್ತಾಳೆ, ತುಟಿ ಕಚ್ಚುತ್ತಾಳೆ. ಸುಗುಣಾ ತಾವು ಆಡಿದ ಮಾತನ್ನು ಆಗ ತಾನೇ ಕೇಳಿಸಿಕೊಂಡವರಂತೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ.

"ಇಲ್ಲ ಟೀಚರ್," ಎನ್ನುತ್ತಾಳೆ ಯಾಟಿಂಗ್. "ತಪ್ಪು. ಐದನೇ ಸಾಲು ನೋಡಿ. ಅವಳ ಕೆಟಲಿನಲ್ಲಿ ಎರಡು ಲೋಟಕ್ಕಿಂತ ಕಡಿಮೆ ನೀರು ಕಾಯಿಸಲು ಬರುವುದಿಲ್ಲ." ಹಾಳೆಯನ್ನು ಹತ್ತಿರಕ್ಕೆ ಹಿಡಿದು ಆ ಸಾಲಿನ ಮೇಲೆ ಬೆರಳಿಡುತ್ತಾಳೆ. ಪರದೆಯ ತುಂಬ ಈಗ ಆ ಬೆರಳೇ ಕಾಣುತ್ತದೆ.

ಸುಗುಣಾ ಕಣ್ಣೊರೆಸಿಕೊಂಡು ತವಾದ ಕಡೆಗೆ ತಿರುಗುತ್ತಾರೆ. "ಹೋಯ್, ಕೇಂಡಿತಾ? ತಪ್ಪ್ ಅಂದಳ್ ನಂಗೆ!"

"ನಾನ್ ಮದ್ವಿ ಆದಾಗಿಂದ ಹೇಳ್ತಾ ಇದ್ದೆ," ಎನ್ನುತ್ತಾರೆ ದೇವದಾಸರು ದೋಸೆ ಮಗುಚುತ್ತ.

ಸುಗುಣಾ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಮತ್ತೆ ಫೋನಿನ ಎದುರು ಕುಳಿತು ತಾವೂ ಆ ಐದನೇ ಸಾಲನ್ನು, ಹುಡುಗಿಯ ಬೆರಳಿನ ಜೊತೆಗೆ, ಒಂದೊಂದೇ ಶಬ್ದವಾಗಿ ಓದುತ್ತಾರೆ.