ಮಾವನವರ ಮೈದಾನದ ಇಂಗ್ಲಿಷ್

ಮೊನ್ನೆ ಕಾಗವಾಡದ ಬಸ್ ನಿಲ್ದಾಣದ ಎದುರು ಒಂದು ಜೀವ ಉಳಿಸಲು ಹೋಗಿ ಬೈಸಿಕೊಂಡು ಬಂದೆ. ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಒಂದು ಹಾಡು ಹಚ್ಚಿಕೊಂಡು, ರಸ್ತೆ ತನ್ನ ಹೆಸರಿಗೇ ಇದೆ ಎಂಬಂತೆ ಬರುತ್ತಿತ್ತು. ಅದರ ದಾರಿಯಲ್ಲಿ ಒಬ್ಬ ಹೆಂಗಸು ಮೆಂತ್ಯದ ಕಟ್ಟು ಹಿಡಿದು, ಬೆನ್ನು ತಿರುಗಿಸಿ ಯಾರನ್ನೋ ಕಾಯುತ್ತ ನಿಂತಿದ್ದಳು. ‘ಸರೀರಿ’ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ‘ಮ್ಯಾನ್ ಆನ್!’

ಆಕೆ ಸರಿಯಲಿಲ್ಲ. ನಿಂತಲ್ಲೇ ತಿರುಗಿ ನನ್ನನ್ನು ನೋಡಿದಳು. ಟ್ರ್ಯಾಕ್ಟರಿನವನು ಬ್ರೇಕ್ ಹಾಕಿದ, ನಾಲ್ಕು ಜಲ್ಲೆ ಕಬ್ಬು ಉರುಳಿದವು, ಆಮೇಲೆ ಆಕೆಯ ಬಾಯಿ ತೆರೆಯಿತು. “ಅಲ್ರೀ ಅಕ್ಕಾರ, ಸರಿ ಅನ್ನಾಕ ಬಾಯಿ ಬರೂದಿಲ್ಲೇನು? ಏನದು ಹುಚ್ಚರಂಗ ಮ್ಯಾನು ಮ್ಯಾನು ಅಂತ!”

ನಾನು ಏನು ಹೇಳಲಿ? ಹಿಂದಿನಿಂದ ಎದುರಾಳಿ ಮೈಮೇಲೆ ಬಂದ, ಎಚ್ಚರ ಎಂದು ಫುಟ್‌ಬಾಲ್ ಆಡುವವರು ತಮ್ಮವನಿಗೆ ಕೂಗಿ ತಿಳಿಸುವ ಮಾತು ಅದು ಎಂದು ಬಸ್ ನಿಲ್ದಾಣದಲ್ಲಿ ನಿಂತು ಪಾಠ ಮಾಡಲೆ? ನಲವತ್ತೆಂಟು ವರ್ಷದ, ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎಂದು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುವ ಹೆಂಗಸು ನಾನು. ಚೆಂಡನ್ನು ಕಾಲಿಂದ ಮುಟ್ಟಿದ್ದರೆ ಅದು ಕಸ ಗುಡಿಸುವಾಗ. ಇಂಥ ನನ್ನ ಬಾಯಲ್ಲಿ ಈ ಭಾಷೆ ನೆಟ್ಟವರು ನನ್ನ ಮಾವನವರು. ಈ ಮಾತು ಬರೆಯುವಾಗಲೂ ಅವರ ಮೇಲೆ ಸಿಟ್ಟು ಬರುತ್ತಿದೆ.

ಏಳು ವರ್ಷದ ಹಿಂದಿನ ಮಾತು. ನಾನು ಆಗಲೂ ಇದೇ ಅಥಣಿ ರಸ್ತೆಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದೆ. ನಮ್ಮ ಕಡೆಯ ದ್ರಾಕ್ಷಿ ಒಣಗಿ ಪೆಟ್ಟಿಗೆ ಸೇರಿ ಕೂಡುವುದು ಅಲ್ಲಿ. ಯಾವ ಪೆಟ್ಟಿಗೆ ಯಾವ ಕೋಣೆಯಲ್ಲಿದೆ ಎಂದು ಚೀಟಿ ಹಚ್ಚಿ ರಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಹನ್ನೆರಡು ವರ್ಷ ಸ್ಟೂಲಿನ ಮೇಲೆ ಕೂತು ಅದನ್ನೇ ಬರೆದಿದ್ದೆ. ಆ ಸಲ ಆಫೀಸಿನಲ್ಲಿ ಸೂಪರ್‌ವೈಜರ್ ಜಾಗ ಖಾಲಿಯಾಯಿತು. ಮ್ಯಾನೇಜರ್ ನನ್ನನ್ನು ಕರೆದು, “ಅಕ್ಕಾರ, ಕೆಲಸ ನಿಮಗ ಗೊತ್ತೈತಿ. ಆದ್ರ ಕೇರಳದ ಗಿರಾಕಿ ಫೋನ್ ಬರ್ತಾವು. ಅವ್ರಿಗೆ ಕನ್ನಡ ಬರೂದಿಲ್ಲ, ಮರಾಠಿ ಬರೂದಿಲ್ಲ, ಹಿಂದಿ ಅಂದ್ರ ಸಿಟ್ಟು. ಇಂಗ್ಲಿಷಿನ್ಯಾಗ ಮಾತಾಡಾಕ ಬರಬೇಕು. ಒಂದು ತಿಂಗಳ ನೋಡೂಣು. ಇಲ್ಲಂದ್ರ ಹೊರಗಿಂದ ಯಾರನ್ನರ ತರ್ತೀವಿ” ಎಂದರು.

ನಾನು ಕನ್ನಡ ಬಿ.ಎ. ಇಂಗ್ಲಿಷನ್ನು ಪರೀಕ್ಷೆಗೆ ಬೇಕಾದಷ್ಟೇ ಓದಿ, ಪರೀಕ್ಷೆ ಮುಗಿದ ಸಂಜೆಯೇ ಮರೆತವಳು. ಆ ರಾತ್ರಿ ಹೊರಗಿಂದ ಬರುವ ಆ ‘ಯಾರನ್ನರ’ ಎಂಬವನ ಮುಖವೂ ನನಗೆ ಕಾಣತೊಡಗಿತು: ತೆಳ್ಳಗೆ, ಕನ್ನಡಕ, ಕೊರಳಲ್ಲಿ ಐಡಿ ಕಾರ್ಡಿನ ಪಟ್ಟಿ. ನನ್ನ ಸ್ಟೂಲನ್ನು ಕಾಲಿಂದ ಸರಿಸುತ್ತಿದ್ದ. ಇಲ್ಲದ ಮನುಷ್ಯನ ಮೇಲೆ ಎರಡು ದಿನ ಹೊಟ್ಟೆ ಉರಿಸಿಕೊಂಡೆ.

ಮನೆಯಲ್ಲಿ ಊಟಕ್ಕೆ ಕೂತಾಗ ನನ್ನ ಗಂಡ ಈ ವಿಷಯ ತೆಗೆದದ್ದೇ ತಪ್ಪಾಯಿತು. “ಇಂಗ್ಲಿಷ್ ಅಲ್ಲಾ? ನಾ ಕಲಸ್ತೀನಿ” ಎಂದರು ಮಾವನವರು. ನಿಪ್ಪಾಣಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಪಿ.ಟಿ. ಮಾಸ್ತರರಾಗಿದ್ದು, ನಿವೃತ್ತರಾಗಿ ಕಾಗವಾಡದ ನಮ್ಮ ಮನೆಗೆ ಬಂದವರು. ಬೆಳಗಿನ ಚಹಾಕ್ಕೂ ಸೀಟಿ ಊದಿ ಕರೆಯುವ ಮನುಷ್ಯ. ಅವರ ಇಂಗ್ಲಿಷ್ ಎಲ್ಲಿಂದ ಬಂತು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ನನ್ನಂತೆ ಮೋಸ ಹೋಗುತ್ತೀರಿ.

ಹರೆಯದ ವಯಸ್ಸಿನಲ್ಲಿ ಅವರು ಕೊಲ್ಹಾಪುರಕ್ಕೆ ಹೋಗಿ ಒಂದು ತಾಲೀಮಿನ ಪರವಾಗಿ ಫುಟ್‌ಬಾಲ್ ಆಡುತ್ತಿದ್ದರು. ಅಲ್ಲಿ ತಾಲೀಮು ಎಂದು ಕರೆಯುವ ಪೈಲ್ವಾನರ ಗರಡಿಮನೆಗಳಿಗೇ ಫುಟ್‌ಬಾಲ್ ತಂಡಗಳಿವೆ. ಒಂದೇ ಅಂಗಳದಲ್ಲಿ ಒಂದು ಕಡೆ ಮಟ್ಟಿಯ ಕುಸ್ತಿ, ಇನ್ನೊಂದು ಕಡೆ ಚೆಂಡು. ಇವರ ತಂಡದಲ್ಲಿ ಗೋಲು ಕಾಯುವ ಗೋಲಿ ಗೋವಾದವನು, ಹಾಫ್‌ಬ್ಯಾಕ್ ಹೈದರಾಬಾದಿನವನು, ಉಳಿದವರು ಮರಾಠಿ, ಇವರೊಬ್ಬರು ಕನ್ನಡ. ಎಲ್ಲರಿಗೂ ತಿಳಿಯುವ ಭಾಷೆ ಎಂದರೆ ಮೈದಾನದ ನಲವತ್ತು-ಐವತ್ತು ಇಂಗ್ಲಿಷ್ ಕೂಗುಗಳು. ಆ ಐವತ್ತರ ಮೇಲೆ ಮಾವನವರು ತಮ್ಮ ಇಡೀ ಇಂಗ್ಲಿಷಿನ ಮನೆ ಕಟ್ಟಿದ್ದರು.

ಮರುದಿನ ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ಕ್ಲಾಸು. ನಾನು ನೋಟ್‌ಬುಕ್ ಹಿಡಿದು ಹೋದೆ. ಅವರು ಚೆಂಡು ಹಿಡಿದು ಬಂದರು.

“ನೋಟ್‌ಬುಕ್ ಒಳಗಿಡು. ಇಂಗ್ಲಿಷ್ ಬರಿಯೂದಲ್ಲ ಯವ್ವಾ, ಒದರೂದು. ಚೆಂಡು ಬರೂ ಮೊದ್ಲ ಯಾರು ಒದರ್ತಾರ, ಚೆಂಡು ಅವ್ರದು. ನನಗ ಬೇಕಾದ್ರ ‘ಹಿಯರ್’. ನಾ ತಗೋತೀನಿ ಅಂದ್ರ ‘ಮೈನ್’. ಮುಟ್ಟಬ್ಯಾಡ ಅಂದ್ರ ‘ಲೀವ್’. ತಡಿ ಅಂದ್ರ ‘ಹೋಲ್ಡ್’. ಒದರು ನೋಡೂಣು.”

ಕಷ್ಟ ಇಲ್ಲಿತ್ತು, ಮತ್ತು ಇದನ್ನು ಅವರಿಗೆ ಯಾರು ಹೇಳುವುದು? ಮದುವೆಯಾಗಿ ಇಪ್ಪತ್ತು ವರ್ಷ ದಾಟಿತ್ತು, ನಾನು ಮಾವನವರ ಎದುರು ದನಿ ಎತ್ತಿದವಳಲ್ಲ. ಅವರು ಪಡಸಾಲೆಯಲ್ಲಿದ್ದರೆ ಬಾಗಿಲ ಮರೆಯಿಂದ ಚಹಾ ಸರಿಸಿ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ‘ಚಾ ಇಟ್ಟೀನ್ರಿ’ ಎಂದು ಕಪ್ಪು-ಬಸಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿ ಹೋಗುವವಳು. ಗ್ಯಾಸಿನವನು ಬಂದನೆಂಬ ಸುದ್ದಿಯನ್ನೂ ಅತ್ತೆಯ ಮೂಲಕ ತಿಳಿಸುತ್ತಿದ್ದೆ. ಈಗ ಇವರ ಮುಖ ನೋಡಿ, ಬೆರಳು ತೋರಿಸಿ, ‘ಲೀವ್!’ ಎಂದು ಒದರಬೇಕು.

“ಲೀವ್ ರಿ” ಎಂದೆ, ಚೆಂಡಿಗೆ ಮಾತ್ರ ಕೇಳುವಂತೆ.

“ಏನು?”

“ಲೀವ್... ರಿ, ಮಾವಾರ.”

“ಅಷ್ಟು ಅನ್ನೂದ್ರಾಗ ಆ ಕಡೆಯವ್ರು ಎರಡು ಗೋಲ್ ಹೊಡದು ಚಾ ಕುಡ್ಯಾಕ ಹೋಗಿರ್ತಾರ! ಇಲ್ಲಿ ಮಾವ ಇಲ್ಲ, ಸೊಸಿ ಇಲ್ಲ. ನಾ ಸೆಂಟರ್ ಹಾಫ್. ನೀ ಲೆಫ್ಟ್ ಬ್ಯಾಕ್.”

ಒಳಗಿಂದ ಅತ್ತೆಯ ದನಿ: “ಮೊದ್ಲ ಆ ಲೆಫ್ಟ್ ಬ್ಯಾಕಿಗೆ ರೊಟ್ಟಿ ಬಡಿಯಾಕ ಕಳಸ್ರಿ. ಆಮ್ಯಾಲ ಬೇಕಾದ್ದು ಒದರ್ರಿ.”

ಹತ್ತು ದಿನ ಹೀಗೆ ಹೋಯಿತು. ಪದಗಳು ಸೇರಿದವು, ದನಿ ಮಾತ್ರ ಏಳಲಿಲ್ಲ. ಆಫ್‌ಸೈಡ್ ಎಂದರೇನು ಎಂದು ಚೆಂಡು, ಚಪ್ಪಲಿ, ನೀರಿನ ಬಿಂದಿಗೆ ಎಲ್ಲ ಜೋಡಿಸಿ ಮೂರು ದಿನ ಹೇಳಿದರೂ ನನಗೆ ತಿಳಿಯಲಿಲ್ಲ. ಕೊನೆಗೆ ಅವರೇ ಸೋತು, “ಲಗ್ನದಾಗ ಮುಂದಿನ ಪಂಗ್ತಿಗೆ ಕರಿಯೂಕಿಂತ ಮೊದ್ಲ ನಿಮ್ಮತ್ತಿ ಹೋಗಿ ಎಲಿ ಮುಂದ ಕುಂಡ್ರ್ತಾಳಲ್ಲ, ಅದು” ಎಂದರು. ಕೂಡಲೇ ತಿಳಿಯಿತು. ಅತ್ತೆಗೂ ತಿಳಿಯಿತು, ಆ ದಿನ ಪಲ್ಯಕ್ಕೆ ಉಪ್ಪಿರಲಿಲ್ಲ.

ಇದರಲ್ಲಿ ನನಗೆ ಫೋನಿನಲ್ಲಿ ಉಪಯೋಗವಾಗುವುದು ಯಾವುದು ಎಂಬ ಚಿಂತೆ ಶುರುವಾಯಿತು. ‘ಹೌ ಆರ್ ಯೂ’ ಕಲಿಸಿರಿ ಎಂದು ಗಂಡನ ಮೂಲಕ ಹೇಳಿಸಿದೆ. “ಮೈದಾನದಾಗ ಯಾರೂ ಹಂಗ ಕೇಳೂದಿಲ್ಲ. ಕಾಲು ಮುರದ್ರ ತಾನ ಕಾಣ್ತೈತಿ” ಎಂಬ ಉತ್ತರ ಬಂತು. ನಾನು ಗುಟ್ಟಾಗಿ ಹಾಳೆಯ ಮೇಲೆ ‘ಗುಡ್ ಮಾರ್ನಿಂಗ್ ಸರ್, ಅವರ್ ರೇಜಿನ್ಸ್ ಆರ್ ವೆರಿ ಗುಡ್’ ಎಂದು ಬರೆದು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟುಕೊಂಡೆ.

ಹನ್ನೊಂದನೆಯ ದಿನ ಚೌಗಲಾ ಕಾಕಾರ ಎಮ್ಮೆ ಹಗ್ಗ ಹರಿದುಕೊಂಡಿತು. ಆ ಕಾಕಾ ನಮ್ಮ ಪಕ್ಕದ ಮನೆಯವರು, ಓಣಿಯ ಜಗಳಗಳನ್ನೆಲ್ಲ ಬಗೆಹರಿಸುವ ಹಿರಿಯರು. ತಮ್ಮ ಎಮ್ಮೆ ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ. ಮಾವನವರು ಬಾಗಿಲಿಗೆ ಬೆನ್ನು ಮಾಡಿ, ಚೆಂಡಿನ ಮೇಲೆ ಕಾಲಿಟ್ಟು, ನನ್ನ ದನಿಯ ದೋಷಗಳ ಬಗ್ಗೆ ಮಾತಾಡುತ್ತಿದ್ದರು. ಎಮ್ಮೆ ಅವರ ಹಿಂದಿನಿಂದ ಅಂಗಳಕ್ಕೆ ನುಗ್ಗಿತು. ಕೊಂಬಿಗೂ ಅವರ ಸೊಂಟಕ್ಕೂ ನಡುವೆ ಎರಡು ಮಾರು ಇರಲಿಲ್ಲ.

“ಮ್ಯಾನ್ ಆನ್!”

ಅದು ನನ್ನ ದನಿ ಎಂದು ನನಗೇ ಗುರುತು ಹತ್ತಲಿಲ್ಲ. ಹಾಲಿನ ಪಾತ್ರೆ ಹಿಡಿದು ಅತ್ತೆ ಹೊರಗೆ ಓಡಿ ಬಂದರು. ಎಪ್ಪತ್ತು ವರ್ಷದ ಮಾವನವರು ಹಿಂದೆ ನೋಡದೆ, ಚೆಂಡಿನ ಸಮೇತ ಎಡಕ್ಕೆ ಜಾರಿದರು. ಎಮ್ಮೆ ನೇರ ಹೋಗಿ ತುಳಸಿಕಟ್ಟೆಗೆ ಗುದ್ದಿ ನಿಂತಿತು.

“ಈಗ ಬಂತು ನೋಡು ಇಂಗ್ಲಿಷ್!” ಎಂದರು ಮಾವನವರು, ಏದುಸಿರು ಬಿಡುತ್ತ.

“ಅದು ಎಮ್ಮಿ ಐತ್ರಿ, ಮಾವಾರ.”

“ಇರ್ಲಿ. ಒದರಿದ್ದು ಬರೋಬರಿ ಐತಿ.”

ಒಮ್ಮೆ ಎದ್ದ ದನಿ ಮತ್ತೆ ಮಲಗಲಿಲ್ಲ. ಹಿಯರ್, ಮೈನ್, ಲೀವ್, ಹೋಲ್ಡ್ ಎಂದು ನಾನು ಒದರುವುದು ಓಣಿಯ ಕೊನೆಯ ಗಿರಣಿಯವರೆಗೆ ಕೇಳತೊಡಗಿತು. ಮೂರನೆಯ ದಿನ ಚೌಗಲಾ ಕಾಕಾ ಟೊಪ್ಪಿಗೆ ಹಾಕಿಕೊಂಡು ಗಂಭೀರವಾಗಿ ಬಂದರು. “ಮಾಸ್ತರ, ಸೊಸಿ ಇಷ್ಟು ವರ್ಸ ತಲಿ ಎತ್ತಿಲ್ಲ. ಈಗ ಹಿಂಗ ಮೈಮ್ಯಾಲ ಬರ್ತಾಳಂದ್ರ ಏನೋ ಭಾಳ ಆಗೇತಿ. ಬ್ಯಾರೆ ಇರೂ ವಿಚಾರ ಇದ್ರ ನಾಲ್ಕು ಮಂದಿ ಹಿರ್ಯಾರ್ನ ಕರ್ಸಿ ಮಾತಾಡೂಣು” ಎಂದರು. ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಮನೆ ಒಡೆಯುವುದನ್ನು ಮುಚ್ಚಿಡುತ್ತಿದ್ದಾರೆ ಎಂದುಕೊಂಡು ಒಂದು ವಾರ ದಿನಾ ಬಂದು ಕಟ್ಟೆಯ ಮೇಲೆ ಕಾವಲು ಕೂತರು. ಅವರಿಗೆ ಚಹಾ ಮಾಡುವವಳೂ ನಾನೇ.

ಒಂದು ಮಾತು ಮಾತ್ರ ಮಾವನವರು ಒದರದೆ ಕಲಿಸಿದರು. ಚೆಂಡಿಗೆ ಗಾಳಿ ಹಾಕುತ್ತ ತಾವೇ ಹೇಳಿದರು. ಒಂದು ಪಂದ್ಯದಲ್ಲಿ ಅವರ ಕಾಲಿಗೆ ತಾಗಿದ ಚೆಂಡು ತಮ್ಮದೇ ಗೋಲಿನೊಳಗೆ ಹೋಯಿತಂತೆ. ಇವರು ಗೋವಾದ ಗೋಲಿಯ ಕಡೆ ಬೆರಳು ತೋರಿಸಿದರಂತೆ. ಮರುದಿನ ತಾಲೀಮಿನ ಗುರು, ವಸ್ತಾದ, ಇವರಿಂದ ನೂರು ಬೈಠಕ್ ತೆಗೆಸಿದ. “ಗೋಲ್ ಹೊಡದದ್ದಕ್ಕಲ್ಲ. ಕೈ ಎತ್ತಲಿಲ್ಲ ಅಂತ. ‘ಓನ್ ಗೋಲ್’ ಆದ್ರ ಹೊಡದಾಂವ ಕೈ ಎತ್ತಿ ‘ಮೈನ್’ ಅನ್ನಬೇಕು. ಅದು ನಮ್ಮ ತಾಲೀಮಿನ ರೀತಿ.”

ತಿಂಗಳು ಮುಗಿಯಲು ನಾಲ್ಕು ದಿನವಿರುವಾಗ ಕೊಚ್ಚಿಯ ಗಿರಾಕಿಯ ಫೋನ್ ಬಂತು. ಮಧ್ಯಾಹ್ನ, ನನ್ನ ಬಾಯಲ್ಲಿ ರೊಟ್ಟಿಯ ತುತ್ತು. ಮ್ಯಾನೇಜರ್ ಕೈಸನ್ನೆ ಮಾಡಿ ಕರೆದು ಫೋನನ್ನು ಸ್ಪೀಕರಿಗೆ ಹಾಕಿದರು. ಗುಡ್ ಮಾರ್ನಿಂಗ್ ಎನ್ನಲು ಬೆಳಗೇ ಇರಲಿಲ್ಲ; ಹಾಳೆ ಹಿಟ್ಟಿನ ಡಬ್ಬಿಯ ಹಿಂದೆ ಇತ್ತು. ಆ ಕಡೆಯ ಮನುಷ್ಯ ಮಾತಾಡುತ್ತಿರಲಿಲ್ಲ, ಸುರಿಯುತ್ತಿದ್ದ. ಅದರಲ್ಲಿ ನನಗೆ ತಿಳಿದದ್ದು ಮೂರು: ನಲವತ್ತು ಬಾಕ್ಸ್, ಹಳೆ ಮಾಲು, ಮತ್ತು ಲಾಟ್ ನಂಬರು.

ನಂಬರು ಕೇಳಿದ್ದೇ ನನಗೆ ಎಲ್ಲ ತಿಳಿಯಿತು. ಹಿಂದಿನ ವಾರ ಎರಡನೆಯ ಕೋಣೆಯ ಚೀಟಿಯನ್ನು ಮೂರನೆಯ ಕೋಣೆಯ ಪೆಟ್ಟಿಗೆಗಳಿಗೆ ಹಚ್ಚಿದವಳು ನಾನೇ. ಹೊಸ ದ್ರಾಕ್ಷಿಯ ಬದಲು ಹೋದ ವರ್ಷದ್ದು ಹೋಗಿತ್ತು. ಇಂಗ್ಲಿಷ್ ಪದಗಳನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತ ಚೀಟಿ ಹಚ್ಚಿದ್ದೆ, ಅದರ ಫಲ. ಮ್ಯಾನೇಜರ್ ಎದುರಿಗೆ ನಿಂತು, “ನಮ್ದಲ್ಲ ಅನ್ರಿ, ಲಾರಿಯಂವಂದು ಅನ್ರಿ” ಎಂದು ಪಿಸುಗುಟ್ಟುತ್ತಿದ್ದರು. ಒಪ್ಪಿಕೊಂಡರೆ ಆಫೀಸಿನ ಜಾಗ ಹೋಯಿತು, ಸ್ಟೂಲೂ ಉಳಿಯುವುದೋ ಇಲ್ಲವೋ. ಒಪ್ಪದಿರೋಣ ಎಂದರೆ ಸುಳ್ಳು ಹೇಳುವಷ್ಟು ಇಂಗ್ಲಿಷ್ ನನ್ನ ಬಳಿ ಇರಲಿಲ್ಲ. ನಾನು ನಿಜ ಹೇಳಿದ್ದಕ್ಕೆ ಇದೂ ಒಂದು ಕಾರಣ, ಮುಚ್ಚಿಡುವುದೇನು.

“ಹೋಲ್ಡ್!” ಎಂದೆ.

ಅಂಗಳದ ದನಿ ಅದು. ಹೊರಗೆ ದ್ರಾಕ್ಷಿ ಆರಿಸುತ್ತಿದ್ದ ಹೆಂಗಸರ ಕೈ ನಿಂತವು. ಕೊಚ್ಚಿಯೂ ನಿಂತಿತು.

“ಸರ್, ಓನ್ ಗೋಲ್. ಮೈನ್.”

“ವಾಟ್ ಗೋಲ್?” ಆ ಮನುಷ್ಯನಿಗೆ ಫುಟ್‌ಬಾಲಿನ ಗಂಧವೇ ಇರಲಿಲ್ಲ. ಕೇರಳದವರೆಲ್ಲ ಫುಟ್‌ಬಾಲಿಗೆ ಪ್ರಾಣ ಬಿಡುತ್ತಾರೆ ಎಂದು ಮಾವನವರು ಕೊಟ್ಟ ಭರವಸೆ ಅಲ್ಲಿಗೆ ಮುಗಿಯಿತು.

“ಮೈ ಮಿಸ್ಟೇಕ್, ಸರ್. ನಾಟ್ ಲಾರಿ. ಐ ಸೆಂಡ್ ಸಬ್‌ಸ್ಟಿಟ್ಯೂಟ್. ಫಾರ್ಟಿ ಬಾಕ್ಸ್. ಫ್ರೆಶ್. ಟುಮಾರೋ.”

ಮ್ಯಾನೇಜರ್ ಹಣೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು. ಆಮೇಲೆ ಸ್ಪೀಕರಿನಿಂದ ಕೋಣೆಗೆಲ್ಲ ಕೇಳುವಂತೆ ಬಂತು: “ಓಕೆ. ಟುಮಾರೋ. ನೆಕ್ಸ್ಟ್ ಟೈಮ್ ಯೂ ಕಾಲ್ ಮಿ. ನಾಟ್ ದಟ್ ಮ್ಯಾನೇಜರ್.”

ಇಷ್ಟು ಇಂಗ್ಲಿಷ್ ಮ್ಯಾನೇಜರರಿಗೂ ತಿಳಿಯಿತು. ಅವರು ಕಿಟಕಿಯ ಕಡೆ ನೋಡುತ್ತ, “ನಾಳಿಂದ ಫೋನ್ ನೀವ ತಗೋರಿ ಅಕ್ಕಾರ. ಆದ್ರ ಎಲ್ಲಾದಕ್ಕೂ ಮೈನ್ ಅನಬ್ಯಾಡ್ರಿ” ಎಂದರು.

ಸಂಜೆ ಮನೆಗೆ ಬಂದಾಗ ಮಾವನವರು ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದರು. ಪೇಪರು ತಲೆಕೆಳಗಾಗಿತ್ತು, ನಾನು ಆಫೀಸಿನಿಂದ ಹೇಳಿದ ಸುದ್ದಿಯನ್ನು ಗಂಡ ಮೊದಲೇ ಫೋನ್ ಮಾಡಿ ಮುಟ್ಟಿಸಿದ್ದರು. ನಾನು ಎಂದಿನಂತೆ ಬಾಗಿಲ ಹತ್ತಿರ ನಿಂತೆ. ಅವರು ಎದುರಿನ ಕುರ್ಚಿಯನ್ನು ಕಾಲಿಂದ ನನ್ನ ಕಡೆ ನೂಕಿದರು, ಚೆಂಡು ಪಾಸ್ ಮಾಡಿದ ಹಾಗೆ.

“ಕೂಡು. ಆಟ ಹೆಂಗಾತು, ಮೊದ್ಲಿಂದ ಹೇಳು.”

ನಮ್ಮಲ್ಲಿ ಸೊಸೆಯಾದವಳು ಮಾವನ ಎದುರು ಕುರ್ಚಿಯಲ್ಲಿ ಕೂಡುವುದಿಲ್ಲ. ನಾನು ಅಡಿಗೆಮನೆಯ ಕಡೆ ನೋಡಿದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು. “ಕೂಡು ಮತ್ತ. ಕರದಾರಲ್ಲ, ಈಗ ಆಫ್‌ಸೈಡ್ ಆಗೂದಿಲ್ಲ” ಎಂದು ಹೇಳಿ, ಚಹಾ ಸೋಸಲು ಒಳಗೆ ಹೋದರು. ನಾನು ಕೂತೆ. ಅಂಚಿಗೆ, ಯಾವಾಗ ಬೇಕಾದರೂ ಏಳುವಂತೆ, ಆದರೆ ಕೂತೆ.

ಅದಾಗಿ ಏಳು ವರ್ಷ. ಬಸ್ ನಿಲ್ದಾಣದಲ್ಲಿ ಬೈಸಿಕೊಂಡು ಬಂದ ಮೊನ್ನೆಯೂ ಹೋಗಿ ಆ ಕುರ್ಚಿಯಲ್ಲಿ ಕೂತು, ಟ್ರ್ಯಾಕ್ಟರಿನ ಕಥೆ ಹೇಳಿದೆ. ಸಮಾಧಾನ ಮಾಡುವ ಬದಲು ಮಾವನವರು, “ತಪ್ಪು ನಿಂದ. ತಡಾ ಮಾಡಿ ಒದರಿರ್ತೀ” ಎಂದರು. ನಾನು, “ನೀವು ಅಲ್ಲಿದ್ರೇನ್ರಿ? ನೋಡೀರೇನು? ಸುಮ್ಮ ಮಾತಾಡಬ್ಯಾಡ್ರಿ!” ಎಂದು ಜೋರಾಗಿಯೇ ಹೇಳಿದೆ. ಅವರೂ ದನಿ ಎತ್ತಿದರು. ಬರೀ ಕನ್ನಡದಲ್ಲಿ, ಎದುರುಬದುರು ಕೂತು, ಅರ್ಧ ತಾಸು ಜಗಳಾಡಿದೆವು. ಒಳಗೆ ಸಾರು ಉಕ್ಕಿ ಒಲೆ ಆರಿತು. ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದ ಕಾಲದಲ್ಲಿ ಚಹಾ ಇಟ್ಟು ಒಳಗೆ ಹೋಗಲು ಒಂದು ನೆಪವಾದರೂ ಇತ್ತು. ಈಗ ಅದೂ ಇಲ್ಲ. ಅವರು ತಪ್ಪು ಒಪ್ಪಿಕೊಳ್ಳುವವರೆಗೆ ನನಗೇ ಏಳಲು ಮನಸ್ಸಾಗುವುದಿಲ್ಲ.