ಹನ್ನೊಂದನೇ ಬಾವಿ ನಿಂತ ದಿನ

೨೦೦೭ರ ಜೂನ್ ತಿಂಗಳ ಒಂದು ಗುರುವಾರ, ಇನ್ನೂ ಬೆಳಕು ಹರಿಯುವ ಮುನ್ನ ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚ್‌ನಿಂದ ಕಾರು ಹೊರಡಿಸಿದೆ. ಲಾಂಗ್ ಬೀಚ್‌ಗೆ ಸುಮಾರು ನೂರು ಮೈಲಿ. ಪೆಟ್ರೋಲ್ ಗ್ಯಾಲನ್‌ಗೆ ಮೂರು ಡಾಲರ್ ದಾಟಿತ್ತು. ನಾನು ಕೆಲಸ ಮಾಡುತ್ತಿದ್ದ ಕಂಪನಿ ಮೈಕ್ರೋವೇವ್ ರೇಡಿಯೋಗಳನ್ನು ತಯಾರಿಸುತ್ತಿತ್ತು. ಸಮುದ್ರದೊಳಗಿನ ಒಂದು ತೈಲ ಪ್ಲಾಟ್‌ಫಾರ್ಮಿನಿಂದ ದಡಕ್ಕೆ ಸಂಕೇತ ಕಳಿಸುವ ನಮ್ಮ ರೇಡಿಯೋ ಆಗಾಗ ಕೈಕೊಡುತ್ತಿದೆ ಎಂದು ದೂರು ಬಂದಿತ್ತು. ಸರಿಪಡಿಸಲು ನನ್ನನ್ನು ಕಳಿಸಿದರು. ಕಡಲ ಮೇಲಿನ ಕೆಲಸ ನನಗೆ ಅದೇ ಮೊದಲು.

ಲಾಂಗ್ ಬೀಚ್‌ನ ದೋಣಿ ಧಕ್ಕೆಯಲ್ಲಿ ಮಹಾಂತೇಶ ಕುಂದರಗಿ ಕಾಯುತ್ತಿದ್ದರು. ಗದಗ ಕಡೆಯವರು, ಐವತ್ತರ ಆಸುಪಾಸು, ಮನೆ ವಾಲ್‌ನಟ್ ಎಂಬ ಊರಿನಲ್ಲಿ. ಆ ಪ್ಲಾಟ್‌ಫಾರ್ಮಿನ ಬಾವಿಗಳೆಲ್ಲ ಅವರ ಜವಾಬ್ದಾರಿ. ಫೋನಿನಲ್ಲಿ ನನ್ನ ಹೆಸರು ಕೇಳಿದಾಗಲೇ ಕನ್ನಡಕ್ಕೆ ಇಳಿದಿದ್ದರು.

"ಬರ್ರಿ ಮೇಡಂ. ನಾಷ್ಟಾ ಆತೇನು? ಭಾಳ ತಿಂದಿದ್ರ ಮೊದಲೇ ಹೇಳ್ರಿ, ಇವತ್ತು ಸಮುದ್ರ ಸುಮ್ನಿಲ್ಲ."

"ಎರಡೇ ಎರಡು ಬ್ರೆಡ್ ಸರ್."

"ಅಷ್ಟ ಸಾಕು."

ದೋಣಿ ಬಂದರು ದಾಟುವಾಗ ತಾಳೆಮರಗಳ ಪುಟ್ಟ ದ್ವೀಪವೊಂದು ಕಂಡಿತು. ನಡುವೆ ಬಣ್ಣದ ಗೋಪುರಗಳು. ಯಾವುದೋ ರೆಸಾರ್ಟ್ ಇರಬೇಕು ಎಂದೆ. ಕುಂದರಗಿಯವರು ನಕ್ಕರು. "ಅದೂ ಎಣ್ಣಿ ಬಾವೀನ ರೀ. ದಂಡಿ ಮ್ಯಾಲಿನ ಮನಿಯವ್ರ ಕಣ್ಣಿಗೆ ಬೀಳಬಾರದು ಅಂತ ಗಿಡ ಹಚ್ಚಿ, ಬಣ್ಣ ಬಳದಾರ. ನಮ್ಮದು ದೂರ ಐತಿ, ಅದಕ್ಕ ಶೃಂಗಾರ ಇಲ್ಲ."

ಮುಕ್ಕಾಲು ಗಂಟೆ ಬೂದು ನೀರು, ಬೂದು ಆಕಾಶ. ಆಮೇಲೆ ಪ್ಲಾಟ್‌ಫಾರ್ಮ್ ಕಾಣಿಸಿತು: ಉಕ್ಕಿನ ಕಾಲುಗಳ ಮೇಲೆ ನಿಂತ, ತುಕ್ಕು ಹಿಡಿದ ಮೂರಂತಸ್ತಿನ ಕಟ್ಟಡದಂಥದ್ದು. ಕೆಳಗಿನ ಹಲಗೆಗಳ ಮೇಲೆ ಕಡಲಸಿಂಹಗಳು ಮಲಗಿದ್ದವು. ಅವುಗಳ ನಾತ ನಮಗಿಂತ ಮೊದಲೇ ದೋಣಿ ಹತ್ತಿತು. ದೋಣಿಯಿಂದ ಮೇಲೆ ಹೋಗಲು ಒಂದು ಹಗ್ಗ. ಅಲೆ ದೋಣಿಯನ್ನು ಎತ್ತಿದ ಕ್ಷಣ ಹಗ್ಗ ಹಿಡಿದು ಜೀಕಬೇಕು. ನನಗೆ ಈಜು ಬರುವುದಿಲ್ಲ. ಕಣ್ಣು ಮುಚ್ಚಿ ಜೀಕಿದೆ. ಆಚೆಯಿಂದ ಯಾರೋ ಲೈಫ್ ಜಾಕೆಟ್ ಹಿಡಿದು ಎಳೆದುಕೊಂಡರು. ಅವನೇ ರೇ, ಅಲ್ಲಿನ ಫೋರ್‌ಮನ್. ಬಿಳಿ ಮೀಸೆ, ಮೆಲ್ಲಗಿನ ಮಾತು.

ಕೆಲಸ ಶುರುವಾಗುವ ಮೊದಲೇ ಜಗಳ ಶುರುವಾಯಿತು. ಬಾವಿಗಳಿಂದ ಬಂದ ಎಣ್ಣೆ ಕಡಲ ತಳದ ಪೈಪಿನಲ್ಲಿ ದಡಕ್ಕೆ ಹೋಗುತ್ತದೆ. ಈ ತುದಿಯ ಒತ್ತಡವನ್ನು ನಮ್ಮ ರೇಡಿಯೋ ದಡಕ್ಕೆ ಕಳಿಸುತ್ತಿರುತ್ತದೆ, ಅಲ್ಲಿ ಪೈಪಿನ ಎರಡೂ ತುದಿಯ ಒತ್ತಡವನ್ನು ಹೋಲಿಸುತ್ತಾರೆ. ಎಲ್ಲಾದರೂ ಸೋರಿದರೆ ತಕ್ಷಣ ತಿಳಿಯುತ್ತದೆ. ನಾನು ರೇಡಿಯೋ ಬಿಚ್ಚಿದರೆ ಅಷ್ಟು ಹೊತ್ತು ಪೈಪ್ ಕುರುಡು. ಹಾಗಾಗಿ ಬಾವಿಗಳನ್ನು ನಿಲ್ಲಿಸಿ ಎಂದರು ಕುಂದರಗಿ.

ರೇ ಒಪ್ಪಲಿಲ್ಲ. "ಉಳಿದವು ಸರಿ, ಆದರೆ ಹನ್ನೊಂದನೇ ಬಾವಿ? ಅದರಲ್ಲಿ ಮರಳು ತುಂಬಾ. ಪಂಪ್ ನಿಂತರೆ ಮರಳು ಕೆಳಗಿಳಿದು ಅದನ್ನು ಕಚ್ಚಿಕೊಳ್ಳುತ್ತದೆ. ಮತ್ತೆ ಏಳುತ್ತದೆ ಅಂತ ನಾನು ಹೇಳಲಾರೆ. ಅದೊಂದು ನಡೆಯಲಿ, ಒತ್ತಡ ಎಷ್ಟೆಂದು ದಡದವರನ್ನು ವಾಕಿಟಾಕಿಯಲ್ಲಿ ಕೇಳುತ್ತಾ ಇರೋಣ."

ಇಬ್ಬರೂ ನನ್ನ ಕಡೆ ನೋಡಿದರು. "ಎಷ್ಟು ಹೊತ್ತಾಗುತ್ತದೆ?" ಎಂದು ರೇ ಕೇಳಿದ. ಬಿಚ್ಚಿ ನೋಡದೆ ಹೇಳಲಾಗದು ಎಂದೆ.

ಹನ್ನೊಂದು ಆ ಪ್ಲಾಟ್‌ಫಾರ್ಮಿನ ದೊಡ್ಡ ಬಾವಿ. ಅದಿಲ್ಲದಿದ್ದರೆ ಉಳಿದವುಗಳಿಂದ ಖರ್ಚು ಹುಟ್ಟುವುದೂ ಕಷ್ಟ. ಪ್ಲಾಟ್‌ಫಾರ್ಮನ್ನೇ ನಡೆಸಬೇಕೋ ಮುಚ್ಚಬೇಕೋ ಎಂದು ಅವರ ತೈಲ ಕಂಪನಿ ಆಗಲೇ ಯೋಚಿಸುತ್ತಿತ್ತಂತೆ. ಕುಂದರಗಿಯವರು ಕಂಬಿಯ ಮೇಲಿಂದ ಬಗ್ಗಿ, ಪೈಪ್ ನೀರಿಗಿಳಿಯುವ ಜಾಗ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ, "ಎಲ್ಲಾ ನಿಲ್ಲಿಸು ರೇ. ಹನ್ನೊಂದೂ ಸೇರಿ," ಎಂದರು.

ಪಂಪುಗಳು ಒಂದೊಂದಾಗಿ ನಿಂತವು. ಕಾಲಡಿಯ ಉಕ್ಕಿನ ನಡುಕ ನಿಂತಾಗಲೇ ಅದು ಇಷ್ಟು ಹೊತ್ತು ನಡುಗುತ್ತಿತ್ತು ಎಂದು ನನಗೆ ತಿಳಿದದ್ದು. ಆಂಟೆನಾದ ಕೇಬಲ್ ಬಿಚ್ಚಿದೆ. ಕನೆಕ್ಟರ್ ಒಳಗೆ ಉಪ್ಪುನೀರು ಇಳಿದು ತಾಮ್ರ ಹಸಿರಾಗಿ ಪುಡಿಯಾಗಿತ್ತು. ಕೇಬಲ್ಲಿನೊಳಗೂ ಬಹಳ ದೂರ ನೀರು ಹೋಗಿತ್ತು, ಪೂರ್ತಿ ಬದಲಿಸಬೇಕಾಯಿತು. ಮುಗಿದಾಗ ಮಧ್ಯಾಹ್ನ ಕಳೆದಿತ್ತು. ಊಟಕ್ಕೆ ಬೀನ್ಸ್, ಅನ್ನ, ಟೋರ್ಟಿಯಾ ರೊಟ್ಟಿ. ಮಾಂಸ ತಿನ್ನದ ನಮ್ಮಿಬ್ಬರಿಗೆ ಅಡಿಗೆಯವನು ಚೀಸ್ ಜಾಸ್ತಿ ಹಾಕಿದ. ಕುಂದರಗಿಯವರು ಅರ್ಧಕ್ಕೇ ತಟ್ಟೆ ಬಿಟ್ಟೆದ್ದರು.

ಬಾವಿಗಳನ್ನು ಮತ್ತೆ ಚಾಲೂ ಮಾಡಿದರು. ಉಳಿದವೆಲ್ಲ ಬಂದವು. ಹನ್ನೊಂದು ಬರಲಿಲ್ಲ. ಪಂಪನ್ನು ಮುಂದಕ್ಕೆ ತಿರುಗಿಸಿದರು, ಹಿಂದಕ್ಕೆ ತಿರುಗಿಸಿದರು. ಮೋಟಾರ್ ಒಮ್ಮೆ ಗುಂಯ್‌ಗುಟ್ಟಿ ಟ್ರಿಪ್ ಆಯಿತು. ರೇ ಕೈಗವಸು ಬಿಚ್ಚಿದ.

"ನಾನು ಹೇಳಿದ್ದೆ" ಎಂದು ಅವನು ಅನ್ನಲಿಲ್ಲ. ದೋಣಿ ಬಂದು ನಿಂತಾಗ ಕುಂದರಗಿಯವರ ಹತ್ತಿರ ಬಂದು, "ಹಳೇ ಬಾವಿ. ಇವತ್ತಲ್ಲದಿದ್ದರೆ ಮುಂದಿನ ತಿಂಗಳು ನಿಲ್ಲುತ್ತಿತ್ತು. ತಾನಾಗಿ ನಿಂತಿತು ಅಂದರೆ ಯಾರೂ ಕೇಳುವುದಿಲ್ಲ. ನಾನಂತೂ ಬೇರೆ ಮಾತಾಡುವುದಿಲ್ಲ," ಎಂದ. ಕುಂದರಗಿಯವರು ಅವನ ಕೈ ಕುಲುಕಿ, ಹಗ್ಗ ಹಿಡಿದು ದೋಣಿಗೆ ಜೀಕಿದರು.

ಹಿಂತಿರುಗುವಾಗ ಅವರು ಕ್ಯಾಬಿನ್ನಿನೊಳಗೆ ಬರಲಿಲ್ಲ. ನಾನೇ ಹೊರಗೆ ಹೋಗಿ, "ಸಾರಿ ಸರ್, ಕೇಬಲ್ ಅಷ್ಟು ಕೆಟ್ಟಿರುತ್ತೆ ಅಂತ ಅಂದ್ಕೊಂಡಿರಲಿಲ್ಲ. ಬೇಗ ಮುಗಿದಿದ್ರೆ..." ಎಂದೆ.

"ನೀವ್ಯಾಕ ಸಾರಿ ಅಂತೀರಿ? ಬಂದ್ ಮಾಡು ಅಂದಾಂವ ನಾನು. ಆ ಬಾವಿ ಕೊರೆಯೋ ಮುಂದ ನಾ ಇಲ್ಲೇ ಇದ್ದೆ ನೋಡ್ರಿ. ಮೊದಲನೇ ಎಣ್ಣಿ ಬಂದಾಗ ಬಾಟಲಿಯೊಳಗ ಹಿಡದು ಮನಿಗೆ ಒಯ್ದಿದ್ದೆ. ಮನಿಯವ್ರು ನಾತ ಅಂತ ಹೊರಗ ಇಡಿಸಿದ್ರು," ಎಂದು ನಕ್ಕರು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ದಡ ಹತ್ತಿರವಾಗಿ ಫೋನಿಗೆ ಸಿಗ್ನಲ್ ಬಂತು. ಅವರು ಅಲ್ಲಿಯೇ ನಿಂತು ಮೇಲಧಿಕಾರಿಗೆ ಕರೆ ಮಾಡಿದರು. "ರೇಡಿಯೋ ಸರಿಯಾಗಿದೆ. ಹನ್ನೊಂದು ಹೋಯಿತು. ಇಲ್ಲ, ತಾನಾಗಿ ಅಲ್ಲ. ನಾನು ನಿಲ್ಲಿಸಿದೆ. ರೇ ಬೇಡ ಅಂದಿದ್ದ." ಆ ಕಡೆಯ ಮಾತು ಉದ್ದವಿತ್ತು. ಕೇಳಿಸಿಕೊಂಡು ಫೋನ್ ಜೇಬಿಗಿಟ್ಟರು.

"ಏನಂದ್ರು ಸರ್?"

"ನಾಳೆ ಮುಂಜಾನೆ ಬಂದು ಕಾಣು ಅಂದಾರ. ನೀವು ಲಗೂನ ಹೊರಡ್ರಿ, ಫ್ರೀವೇದಾಗ ಗಾಡಿ ತುಂಬತಾವ."

ಧಕ್ಕೆಯಲ್ಲಿ ಕಾರು ತಿರುಗಿಸುವಾಗ ಕನ್ನಡಿಯಲ್ಲಿ ನೋಡಿದೆ. ಅವರು ಹೆಲ್ಮೆಟನ್ನು ಕಂಕುಳಲ್ಲಿ ಹಿಡಿದು, ಬಂದ ಕಡೆಗೇ ಮುಖ ಮಾಡಿ ನಿಂತಿದ್ದರು. ಮೋಡ ಆಗಷ್ಟೇ ಸರಿದಿತ್ತು. ಬಿಸಿಲು ಬಿದ್ದ ನೀರಿನಾಚೆ ಪ್ಲಾಟ್‌ಫಾರ್ಮ್ ಬೆಂಕಿಪೊಟ್ಟಣದಷ್ಟು ಸಣ್ಣದಾಗಿ, ಸ್ಪಷ್ಟವಾಗಿ ಕಾಣುತ್ತಿತ್ತು.