ಕ್ಷೌರದ ಕಾಕಾನ ತಲೆ ಮುಟ್ಟುವವರು

ಕ್ಷೌರದ ಕಾಕಾನ ಎಡಗೈ ಹೆಬ್ಬೆರಳು ಬಿಲ್ಲಿನಂತೆ ಹಿಂದಕ್ಕೆ ಬಾಗಿತ್ತು. ಅದರಿಂದ ಮೂಗಿನ ತುದಿ ಒತ್ತಿ ಮೇಲಕ್ಕೆತ್ತಿದರೆ ತಹಶೀಲ್ದಾರನೂ ಹಂದಿಮರಿಯ ಹಾಗೆ ಕಾಣುತ್ತಿದ್ದ. ಮಸ್ಕಿ ಪೇಟೆಯ ಬೇವಿನ ಮರದ ಕೆಳಗೆ ಒಂದು ಗೋಣಿತಟ್ಟು, ಹಿತ್ತಾಳೆ ಬಟ್ಟಲು, ಕತ್ತಿ. ಅಷ್ಟೇ ಅವರ ಅಂಗಡಿ. ನನ್ನ ಗಲ್ಲದಲ್ಲಿ ಆಗ ಕೂದಲಿಗಿಂತ ಮೊಡವೆಗಳೇ ಹೆಚ್ಚು. ಬೋಳಿಸಿದರೆ ದಟ್ಟವಾಗಿ ಬರುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ವಾರವಾರ ಹೋಗಿ ಕೂರುತ್ತಿದ್ದೆ.

"ಬಿತ್ತಲಾರದ ಹೊಲಾ ಕೊಯ್ಸಾಕ ಬಂದಿಯೇನ್ ತಮ್ಮಾ?" ಎನ್ನುತ್ತಲೇ ಕಾಕಾ ನೀರು ಹಚ್ಚುತ್ತಿದ್ದರು.

ನಿಜಾಮನ ಆಳ್ವಿಕೆ ಹೋಗಿ, ಅಸ್ಪೃಶ್ಯತೆ ಮಾಡಬಾರದೆಂಬ ಕಾಯ್ದೆ ಬಂದ ಹೊಸತು. ಊರಾಚೆಯ ಕೇರಿಯ ಹಿರಿಯನೊಬ್ಬ ದೂರ ನಿಂತು, "ನಮ್ಮ ತಲೀನೂ ಮುಟ್ಟತೀಯೇನಣ್ಣಾ?" ಎಂದು ಅರ್ಧ ತಮಾಷೆಗೆ ಕೇಳಿದ. ಕಾಕಾ ಗೋಣಿತಟ್ಟು ಕೊಡವಿ, "ಕೂಡು" ಎಂದರು.

ಮರುದಿನ ಸಾಹುಕಾರರು ಬಂದರು. "ಅವರ ತಲಿ ಮುಟ್ಟಿದ ಕತ್ತಿ ನನಗ ಹಚ್ಚತೀಯೇನಲೇ?"

"ತೊಳದ ಹಚ್ಚತೀನ್ರೀ ಸಾವಕಾರ್ರ. ನಿಮಗ ಹಚ್ಚಿದ್ದನ್ನೂ ತೊಳದ ಅವರಿಗೆ ಹಚ್ಚತೀನಿ."

ನಾನು ಗೊಳ್ಳೆಂದು ನಕ್ಕೆ. ಪೇಟೆಯಲ್ಲಿ ಮತ್ಯಾರೂ ನಗಲಿಲ್ಲ.

ಗಿರಾಕಿಗಳು ಬರುವುದು ನಿಂತಿತು. ಸುಗ್ಗಿಯಲ್ಲಿ ಕೂಲಿಯಾಗಿ ಬರುತ್ತಿದ್ದ ಜೋಳವೂ ನಿಂತಿತು. ಅದನ್ನೆಲ್ಲ ಕಾಕಾ ತಡೆದುಕೊಂಡರು. ಆದರೆ ಅವರ ಕುಲದವರೇ ಕೂಡಿ ಅವರನ್ನು ಹೊರಗೆ ಹಾಕಿದರು. ಕ್ಷೌರಿಕರು ಒಬ್ಬರ ತಲೆ ಒಬ್ಬರು ನೋಡಿಕೊಳ್ಳುವುದು ರೂಢಿ. ಇನ್ನು ಮೇಲೆ ಕಾಕಾನ ತಲೆ ಯಾರೂ ಮುಟ್ಟಬಾರದು ಎಂದಾಯಿತು. ಕಾಕಾ ಬೆಳೆದ ಕೂದಲಿನ ಮೇಲೆ ರುಮಾಲು ಸುತ್ತಿಕೊಂಡು ಓಡಾಡಿದರು.

ಮರುವರ್ಷ ಅವರ ತಾಯಿ ತೀರಿಕೊಂಡರು. ಹಿರಿಯ ಮಗ ತಲೆ ಬೋಳಿಸಿಕೊಳ್ಳದೆ ಚಿತೆಗೆ ಬೆಂಕಿ ಇಡುವಂತಿಲ್ಲ. ಕಾಕಾನ ಒಡಹುಟ್ಟಿದ ತಮ್ಮ ತುರ್ವಿಹಾಳದಲ್ಲಿ ಇದೇ ಕಸುಬಿನವನು. ಅವನಾದರೂ ಮಾಡುತ್ತಾನೆಂದು ಕಾಕಾ ರುಮಾಲು ಬಿಚ್ಚಿ, ಬಟ್ಟಲಿಗೆ ನೀರು ಹಾಕಿ ಅಂಗಳದಲ್ಲಿ ಕೂತಿದ್ದರು. ತಮ್ಮ ಬಂದ. ಅವನ ತಲೆ ಆಗಲೇ ನುಣ್ಣಗಿತ್ತು. ತನ್ನೂರಲ್ಲೇ ಬೋಳಿಸಿಕೊಂಡು ಬಂದಿದ್ದ.

"ನನಗ ಹೆಣ್ಣಮಕ್ಕಳದಾವ ಅಣ್ಣಾ," ಎಂದು ನೆಲ ನೋಡುತ್ತ ಹೇಳಿದ. "ನಿನ್ನ ಮುಟ್ಟಿದ್ರ ಅವರ ಲಗ್ನ ಆಗಂಗಿಲ್ಲ."

"ಬಿಸಲಾಗ ನಡಕೋತ ಬಂದೀ. ನೀರ ಕುಡಿ," ಎಂದರು ಕಾಕಾ. ತಮ್ಮ ಅದನ್ನೂ ಕುಡಿಯಲಿಲ್ಲ.

ತಡೆಯಲಾರದೆ, ಅಂಗಳದಲ್ಲಿ ನಿಂತಿದ್ದ ನಾನೇ ಕತ್ತಿ ಎತ್ತಿಕೊಂಡೆ. ಬದನೆಕಾಯಿ ಹೆಚ್ಚಲು ಹೋಗಿ ಹೆಬ್ಬೆರಳು ಹೆಚ್ಚಿಕೊಂಡವನು ನಾನು. ಮೊದಲ ಎಳೆತಕ್ಕೇ ರಕ್ತ ಬಂತು.

"ತಲಿ ಐತಿ ತಮ್ಮಾ, ಕುಂಬಳಕಾಯಿ ಅಲ್ಲ."

ಕಾಕಾ ನಕ್ಕರು, ನಗುತ್ತಲೇ ಅತ್ತರು. ತಲೆ ಅಲುಗಿತು. ಆದ ಗಾಯಗಳಲ್ಲಿ ಅರ್ಧ ಅದರಿಂದಲೇ ಆದವು ಎಂದು ಇಂದಿಗೂ ವಾದಿಸುತ್ತೇನೆ.

ಚಿತೆಗೆ ಕಟ್ಟಿಗೆ ಹೊತ್ತು ತಂದಿದ್ದ ಕೇರಿಯ ಹಿರಿಯ ಎಲ್ಲ ನೋಡುತ್ತ ನಿಂತಿದ್ದ. "ನಮ್ಮಿಂದ ನಿನಗ ಹಿಂಗಾತಣ್ಣಾ. ಇನ್ನ ನಾವು ಬರಂಗಿಲ್ಲ," ಎಂದ.

ಅರ್ಧ ಬೋಳಾದ ತಲೆ ಎತ್ತಿ ಕಾಕಾ ಹೇಳಿದರು: "ಸೂತಕ ಮುಗಿಯೋಮಟ ಬರಬ್ಯಾಡ್ರಿ. ಮುಗದ ಮ್ಯಾಲೆ ಬರ್ರಿ."

ಕೇರಿಯವರು ಬಂದರು. ತಮ್ಮ ಮಾತ್ರ ಮತ್ತೆ ಬರಲಿಲ್ಲ. ಸಿಂಧನೂರಿನ ಮೋಟಾರು ಬಂದು ನಿಂತಾಗಲೆಲ್ಲ ಕಾಕಾ ಕತ್ತಿ ತಡೆದು ಇಳಿಯುವವರ ಮುಖ ನೋಡುತ್ತಿದ್ದರು. ಸೋಪು ನನ್ನ ಗಲ್ಲದ ಮೇಲೆ ಒಣಗಿ ಚುರುಗುಡುತ್ತಿತ್ತು.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಮಕ್ಕಳಿರಲಿಲ್ಲ. ತುರ್ವಿಹಾಳಕ್ಕೆ ಸುದ್ದಿ ಕಳಿಸಿ ಹೊತ್ತು ಇಳಿಯುವವರೆಗೂ ಕಾದೆವು. ಬೆಂಕಿ ಇಡಲು ಯಾರಾದರೂ ಬೇಕಿತ್ತು. ನಾನು ತಲೆ ಬಗ್ಗಿಸಿ ಕೂತೆ. ಕೇರಿಯ ಹಿರಿಯ ಕತ್ತಿ ಹಿಡಿದ.

ಮನೆಗೆ ಹೋದಾಗ ಅಪ್ಪ ನನ್ನ ತಲೆ ನೋಡಿ ಕಂಬ ಹಿಡಿದುಕೊಂಡರು. "ನಾ ಇನ್ನಾ ಜೀವಂತ ಅದೀನಲೇ ಮಂಗ್ಯಾ! ಯಾರ್ ಸತ್ತಾರಂತ ಬೋಳಿಸಿಕೊಂಡೀ?"

"ಕ್ಷೌರದ ಕಾಕಾ."

"ಕತ್ತಿ ಹಿಡದವರ್ಯಾರು?"

ಸುಳ್ಳು ಹೇಳಲು ಒಳ್ಳೆಯ ಅವಕಾಶವಿತ್ತು. ನನ್ನ ಬುದ್ಧಿ ಯಾವಾಗಲೂ ಒಂದು ಗಳಿಗೆ ತಡ. ನಿಜವನ್ನೇ ಹೇಳಿದೆ.

ಆ ಸಂಜೆ ನನ್ನ ಊಟದ ಗಂಗಾಳ ಹೊರಗಿನ ಕಟ್ಟೆಗೆ ಬಂತು. ಇನ್ನೂ ಅಲ್ಲೇ ಉಣ್ಣುತ್ತಿದ್ದೇನೆ. ಅಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆ.